ಆಕಾಶಕ್ಕೆ ಹಾಕಿದ ಮುದ್ದೆಕೋಲು

ವಿಜ್ಞಾನ ಪ್ರದರ್ಶನದ ಮುಖ್ಯ ತೀರ್ಪುಗಾರರಾದ ಮಾನ್ಯರೇ,

ಕಳೆದ ವಾರ ಹೊಸೂರಿನಲ್ಲಿ ತಾವು ನನ್ನ ವಿದ್ಯಾರ್ಥಿನಿ ಹರ್ಷಿತಾಳ ಆಕಾಶವನ್ನು ಮುದ್ದೆಕೋಲಿನಿಂದ ತಿರುವಿಬಿಟ್ಟಿರಿ. ಆಮೇಲೆ 'ಅಲೆ ಕಾಣಲಿಲ್ಲ' ಎಂದು ಸೊನ್ನೆ ಕೊಟ್ಟಿರಿ. ಇದೇ ನನ್ನ ದೂರು.

ಗಾಜಿನ ತೊಟ್ಟಿಯಲ್ಲಿದ್ದದ್ದು ಬರೀ ನೀರಲ್ಲ. ತಳದಲ್ಲಿ ಹೆಚ್ಚು ಉಪ್ಪು, ಮೇಲೆ ಹೋದಂತೆ ಕಡಿಮೆ, ಪದರಕ್ಕೊಂದು ಬಣ್ಣ. ನಮ್ಮ ತಲೆಯ ಮೇಲಿನ ಗಾಳಿಯೂ ಹೀಗೆಯೇ, ಕೆಳಗೆ ದಟ್ಟ, ಮೇಲೆ ತೆಳು. ತಳದಲ್ಲಿ ಜೇಡಿಮಣ್ಣಿನ ಗುಡ್ಡವನ್ನು ದಾರ ಕಟ್ಟಿ ಎಳೆದರೆ ಅದರ ಹಿಂದೆ ಪದರಗಳು ಏರಿಳಿಯುತ್ತವೆ. ಡೆಂಕಣಿಕೋಟೆಯ ಬೆಟ್ಟಗಳು ಅಲುಗಾಡುವುದಿಲ್ಲ, ನಿಜ. ಅಲ್ಲಿ ಗಾಳಿಯೇ ಬೆಟ್ಟ ಹತ್ತಿ ಇಳಿಯುತ್ತದೆ. ಹಾಗೆ ಎದ್ದ ಕೆಲವು ಅಲೆಗಳು ಮೇಲೇರುತ್ತವೆ. ಗಾಳಿ ತೆಳುವಾದಷ್ಟೂ ದೊಡ್ಡದಾಗಿ, ವಿಮಾನಗಳೂ ಹೋಗದ ಎತ್ತರದಲ್ಲಿ ಮಗುಚಿ ಮುರಿಯುತ್ತವೆ. ಮುರಿದಲ್ಲಿ ಪದರಗಳು ಕಲಸಿಹೋಗುತ್ತವೆ, ಅಲ್ಲಿನ ಗಾಳಿಯ ವೇಗಕ್ಕೆ ಕಡಿವಾಣ ಬೀಳುತ್ತದೆ. ಕೂತಲ್ಲೇ ಕೂತ ಬೆಟ್ಟ ಅಷ್ಟು ಮೇಲಿನ ಗಾಳಿಯನ್ನು ತಡೆಯುತ್ತದೆಂದರೆ ಯಾವ ಮಗುವಿಗೆ ಖುಷಿಯಾಗದು?

ಪದರ ಕದಡದಂತೆ ಹಲಸಿನೆಲೆಯ ಮೇಲೆ ಹರಿಸಿ ಮೆಲ್ಲಮೆಲ್ಲನೆ ನೀರು ಬಿಡಲು ಹರ್ಷಿತಾಗೆ ಇಡೀ ಬೆಳಗು ಹಿಡಿಯಿತು. ತಾವು ಬಂದು ಬಗ್ಗಿ ನೋಡಿದಿರಿ.

"ಉಪ್ಪು ಕರಗೇ ಇಲ್ಲ ಕಣಮ್ಮ, ತಳದಾಗೇ ನಿಂತೈತೆ" ಎನ್ನುತ್ತ, ರಾಗಿಯ ಪೌಷ್ಟಿಕತೆ ತೋರಿಸಲು ಇಟ್ಟಿದ್ದ ಪಕ್ಕದ ಮೇಜಿನಿಂದ ಮುದ್ದೆಕೋಲು ಎತ್ತಿಕೊಂಡಿರಿ.

"ಸಾರ್, ತಿರುವ್ಬ್ಯಾಡಿ ಸಾರ್! ಕಲಸ್ಬುಟ್ರೆ ಅಲೆ ಏಳಾಕಿಲ್ಲ!" ಎಂದು ಹುಡುಗಿ ಕೂಗಿದಳು.

"ನಮ್ಮನೇಲಿ ಮುದ್ದೆ ತಿರುವೋನು ನಾನೇ. ಒಂದ್ ಗಂಟೂ ಉಳಿಯಾಕ್ ಬಿಡಾಕಿಲ್ಲ" ಎಂದಿರಿ.

ಉಳಿಯಲಿಲ್ಲ. ಗುಡ್ಡ ಎಳೆದರೆ ಕೆಸರುಬಣ್ಣದ ನೀರು ಸುಮ್ಮನೆ ಮಲಗಿತ್ತು. ಅಲೆ ಮೇಲೇರಿ, ಮುರಿದು, ಕೊನೆಗೆ ಮಾಡಬೇಕಾದ ಕಲಸಾಟವನ್ನು ತಾವು ಮೊದಲೇ ಮಾಡಿ ಮುಗಿಸಿದ್ದಿರಿ. ಆಕಾಶದ ಕೆಲಸವನ್ನು ತಮಗೆ ವಹಿಸಿಕೊಟ್ಟವರು ಯಾರು, ಸ್ವಾಮಿ?

ಕೃಷ್ಣಗಿರಿ ಜಿಲ್ಲೆಯಾದ ಮೇಲೂ ತಮಿಳುನಾಡಿನ ಗಡಿಯ ನಮ್ಮ ಕನ್ನಡ ಶಾಲೆಯಿಂದ ರಾಜ್ಯಮಟ್ಟಕ್ಕೆ ಯಾರೂ ಹೋಗಿಲ್ಲ. ಹರ್ಷಿತಾ ಹೋಗುತ್ತಿದ್ದಳು. ವಾಪಸು ಬರುವಾಗ ಖಾಲಿ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಬಸ್ಸು ಕೆಲಮಂಗಲ ತಲುಪುವವರೆಗೂ ಗಾಜಿಗೆ ಅಂಟಿದ ಉಪ್ಪನ್ನು ಉಗುರಿನಿಂದ ಕೆರೆಯುತ್ತಿದ್ದಳು. ನಾನು ಇಲ್ಲಿ ತಮಾಷೆ ಮಾಡುತ್ತಿದ್ದೇನೆ, ಆದರೆ ನನಗೆ ಬಂದಿರುವುದು ಸಿಟ್ಟು.

ಆದ್ದರಿಂದ, ರಾಜ್ಯಮಟ್ಟಕ್ಕೆ ಆಯ್ಕೆಯಾದವರ ಹೆಸರುಗಳು ಚೆನ್ನೈಗೆ ಹೋಗುವ ಮೊದಲು ನಮ್ಮ ಶಾಲೆಗೆ ಬಂದು ಇನ್ನೊಮ್ಮೆ ನೋಡಿ. ಮಧ್ಯಾಹ್ನಕ್ಕೆ ಮುದ್ದೆ, ಅವರೆಕಾಳಿನ ಸಾರು ಇರುತ್ತದೆ. ಮುದ್ದೆಯನ್ನು ತಾವೇ ತಿರುವಿ, ಬೇಡವೆನ್ನುವುದಿಲ್ಲ. ತೊಟ್ಟಿಯ ಹತ್ತಿರ ಮಾತ್ರ ಕೈಕಟ್ಟಿ ನಿಲ್ಲಬೇಕು. ಹರ್ಷಿತಾ ಮತ್ತೆ ಹಲಸಿನೆಲೆ ಹಿಡಿದು ಕೂತಿದ್ದಾಳೆ. ಈ ಸಲ ತೊಟ್ಟಿಗೆ ಒಂದು ಚೀಟಿಯನ್ನೂ ಅಂಟಿಸಿದ್ದಾಳೆ: 'ಆಕಾಶ ಆಗಲೇ ಬೆಂದಿದೆ, ತಿರುವಬೇಡಿ.'

ಇಂತಿ,
ತಾವು ತೊಟ್ಟಿ ನೋಡಿ ಮುಗಿಸುವವರೆಗೆ ಮುದ್ದೆಕೋಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿರುವ
ವಿಜ್ಞಾನದ ಟೀಚರ್ ಜಯಂತಿ