ಎಡಗೈ ಕಟ್ಟಿದ ಕಸಿ

ಕಾನಹೊಸಹಳ್ಳಿ, ಜುಲೈ ೨೦೦೪

ಅಪ್ಪಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಈ ಕಾಗದ ಯಾವ ಡಬ್ಬಿಗೂ ಬೀಳುವುದಿಲ್ಲ, ಆದರೂ ನಿನಗೇ ಹೇಳಬೇಕು.

ಇವತ್ತು ತೋಟಗಾರಿಕೆ ಇಲಾಖೆಯ ಸೋಮಶೇಖರ್ ನಮ್ಮ ನರ್ಸರಿಯ ಜೋಲುವ ತಪಸಿ ಮರ ನೋಡಲು ಬಂದಿದ್ದರು. ಹಿಸುಕಿದರೆ ನಾರುವ ಎಲೆ, ಕಾಗದದಂಥ ಬೀಜ, ಎಲ್ಲ ಬೇರೆ ತಪಸಿಯಂತೆಯೇ. ಕೊಂಬೆಗಳು ಮಾತ್ರ ನೆಲ ಮುಟ್ಟುತ್ತವೆ. ಬೀಜ ಬಿತ್ತಿದರೆ ಸಸಿ ನೆಟ್ಟಗೇ ಏಳುತ್ತದೆ, ಈ ಗುಣ ಕಸಿಗೆ ಮಾತ್ರ ಇಳಿಯುತ್ತದೆ ಎಂದು ತಿಳಿಸಿದೆ. ಇಟ್ಟಿಗಿ ಊರಿನ ತಾಯಿಮರ ಗಾಳಿಗೆ ಬಿದ್ದ ಮೇಲೆ ಉಳಿದಿರುವುದು ಇದೊಂದೇ.

"ಇದರ ಕಸಿ ಯಾರು ಕಟ್ಟ್ಯಾರ್ರೀ? ನಿಮ್ಮಪ್ಪಾರೇನು?"

"ಅಲ್ರೀ, ನಾನು ಕಟ್ಟೀನಿ."

ಹೌದು, ನಾನೇ. "ಎಡಗೈಲೆ ಕಟ್ಟಿದ ಕಸಿ ಹತ್ತಂಗಿಲ್ಲ, ಚಾಕು ಮುಟ್ಟಬ್ಯಾಡ" ಎಂದು ನೀನು ನನ್ನನ್ನು ನೀರು ಹಾಕಲು ಅಟ್ಟುತ್ತಿದ್ದೆ. ಅದಕ್ಕೇ ನೀನು ಸಂತೆಗೆ ಹೋದ ದಿನ ಆ ತಾಯಿಮರದ ಕಡ್ಡಿಯಿಂದಲೇ ನಾನೊಂದು ಕಸಿ ಕಟ್ಟಿ ನಿನ್ನ ಕಸಿಗಳ ಸಾಲಿನಲ್ಲಿ ಸೇರಿಸಿಟ್ಟೆ. ನಿನ್ನವೆಲ್ಲ ಒಣಗಿದವು. ಚಿಗುರಿದ ನನ್ನದನ್ನು ನೀನು ನಿನ್ನದೆಂದು ಊರಿಗೆಲ್ಲ ತೋರಿಸಿದೆ. ನಾನು ಬಾಯಿ ಬಿಡಲಿಲ್ಲ. ಇನ್ನು ಸುಮ್ಮನಿರುವುದಿಲ್ಲ. ಮರದ ಹಲಗೆಯ ಮೇಲೆ ನನ್ನ ಹೆಸರನ್ನೇ ಹಾಕಿ "ಅಮೃತಾ ತಪಸಿ" ಎಂದೇ ಬರೆಸುತ್ತೇನೆ. ಬೇಕಾದರೆ ಸಿಟ್ಟು ಮಾಡಿಕೋ.

ಒಂದು ಮಾತ್ರ ನನ್ನನ್ನು ಬಿಡುವುದಿಲ್ಲ. ಕಸಿಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿದ ದಿನ, ಅದನ್ನು ನಿನ್ನಂತೆ ಬಲಕ್ಕಲ್ಲ, ಎಡಕ್ಕೆ ಸುತ್ತಿರುವುದು ಕಂಡು ನಿನ್ನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ನೀನು ಆ ಪಟ್ಟಿಯನ್ನು ಎಸೆಯದೆ, ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡೆ.