ಉಡಿಯ ಬೀಜ ತೊಳೆಯಬಾರದು

ಘತ್ತರಗಿ,
ಶೀಗಿ ಹುಣ್ಣಿಮೆಯ ಮರುದಿನ, ೧೯೪೮

ತೀರ್ಥರೂಪ ಅವ್ವನ ಪಾದಗಳಿಗೆ ಹಿರಿಮಗಳು ಮಥುರೆಯ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ; ಬರೆದಿದ್ದೇನೆ ಎಂದೇ ತಿಳಿ. ನಮ್ಮ ಆಳು ಚಂದ್ರಾಮನ ಬಂಡಿಯಲ್ಲಿ ಈ ಪತ್ರ ತಂದವರಿಗೆ ಮೊದಲು ಬೆಲ್ಲ, ನೀರು ಕೊಡು. ಓದಿ ಮುಗಿಯುವ ತನಕ ಅವರ ಹೆಸರು, ಊರು, ಗೋತ್ರ ಯಾವುದನ್ನೂ ಕೇಳಬೇಡ. ಕೇಳದೆ ಇರುವುದು ನಿನಗೆ ಎಷ್ಟು ಕಷ್ಟವೆಂದು ಗೊತ್ತು. ಇವತ್ತೊಂದು ದಿನ ನಾಲಿಗೆ ಬಿಗಿಹಿಡಿದುಕೊಂಡಿರು.

ದೀಪಾವಳಿಗೆ ತುಳಸಿ ಯಡ್ರಾಮಿಯಿಂದ ಬಂದಾಗ, ನನಗೆ ತುಂಬಿದಂತೆಯೇ ತಂಗಿಗೂ ಬಟಾಟಿ ಬೀಜದ ಉಡಿ ತುಂಬುತ್ತೇನೆ ಎಂದು ಹೇಳಿಕಳಿಸಿದ್ದೀಯಲ್ಲ, ಬೇಡ ಅವ್ವಾ. ಅಕ್ಕಿ ಹಾಕು, ಕೊಬ್ಬರಿ ಹಾಕು, ಆ ಬೀಜ ಮಾತ್ರ ಹಾಕಬೇಡ. ನೀನೂ ಬಿತ್ತಬೇಡ. ಅದಕ್ಕೆ ರೋಗವಿದೆ.

ಸಿಟ್ಟು ಬಂತೇ? ಬರಲಿ. ಅಪ್ಪ ಪುಣೆಯಿಂದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ ಬೀಜ ಅದು. ರಜಾಕಾರರ ಗಲಾಟೆಗೆ ಹೆದರಿ ಅಪ್ಪ ಸೊಲ್ಲಾಪುರ ಸೇರಿದ ಮೇಲೆ ಬುಟ್ಟಿಯನ್ನು ಮರಳಿನಲ್ಲಿ ಹುಗಿದು, ಹಿತ್ತಲಲ್ಲಿ ನಾಲ್ಕು ಗಡ್ಡೆ ಊರಿ ಬೀಜ ಉಳಿಸಿ ಕಾಪಾಡಿದವಳು ನೀನು. ಜಾನಕೀಬಾಯಿ ಬಂಗಾರ ಬಿಟ್ಟು ಬಟಾಟಿ ಮುಚ್ಚಿಟ್ಟಳು ಎಂದು ನರೋಣೆ ಊರೆಲ್ಲ ನಕ್ಕಿತು. ಅವರು ತಿರುಗಿ ಬರುವ ಹೊತ್ತಿಗೆ ತೋಟದಲ್ಲಿ ಅದರ ಹೂವು ಕಾಣಬೇಕೆಂಬ ನಿನ್ನ ಆಸೆ ನನಗೆ ತಿಳಿಯದ್ದೇನಲ್ಲ. ಅದಕ್ಕೇ ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಹೋದ ದೀಪಾವಳಿಗೆ ನನ್ನ ಉಡಿ ತುಂಬುವಾಗ ಗಡ್ಡೆಗಳ ಮೇಲೆ ಕರಿ ಚುಕ್ಕೆಗಳಿದ್ದವು. ನಮ್ಮ ಎರೆ ಮಣ್ಣು ಅಂಟಿದೆ ಎಂದೆ ನೀನು. “ಎರಿ ಬಿಡದ ಬಟಾಟಿ, ತವರ ಬಿಡದ ಮಗಳು, ಎರಡೂ ಛಲೋ” ಎಂದು ನಕ್ಕೆ. ಉಡಿಯ ಬೀಜ ತೊಳೆಯಬಾರದು, ತೊಳೆದರೆ ತವರಿನ ಋಣವೇ ತೊಳೆದು ಹೋಗುತ್ತದೆ ಎಂದೂ ಹೇಳಿದೆ. ನಾನು ತೊಳೆಯಲಿಲ್ಲ. ಹಾಗೆಯೇ ತಂದು ಬಾವಿಯ ಪಕ್ಕದ ಮಡಿಗಳಲ್ಲಿ ಊರಿದೆವು.

ಅರ್ಧ ಮೊಳಕೆ ನೆಲದಿಂದ ಮೇಲೆ ಬರಲೇ ಇಲ್ಲ. ಕೆದರಿ ನೋಡಿದರೆ ಕಂದು ಬಣ್ಣಕ್ಕೆ ತಿರುಗಿ ತುದಿ ಕೊಳೆತಿದ್ದವು. ಬದುಕಿದ ಗಿಡಗಳ ಎಲೆ ಮೇಲ್ಮುಖವಾಗಿ ಸುರುಳಿ ಸುತ್ತಿಕೊಂಡಿತು. ಆಮೇಲೆ ಒಂದು ವಿಚಿತ್ರ ನಡೆಯಿತು: ಗಿಡದ ಸಂದಿನಲ್ಲಿ, ನೆಲದ ಮೇಲೆಯೇ, ಹಸಿರು ಗಡ್ಡೆಗಳು ಬಿಟ್ಟವು! ಭಾಗ್ಯವಂತಿ ದೇವಿ ಬಟಾಟಿಯನ್ನು ಮೇಲೆಯೇ ಕೊಟ್ಟಳೆಂದು ಅತ್ತೆ ಅರಿಸಿನ ಕುಂಕುಮ ಏರಿಸಿದರು, ಓಣಿಯ ಹೆಂಗಸರು ನೋಡಲು ಬಂದರು. ನಾನೂ ಹಿಗ್ಗಿ ಹೀರೇಕಾಯಿ ಆದೆ. ಅಗೆದಾಗ ಕೆಳಗೆ ಗೋಲಿ ಗಾತ್ರದ ನಾಲ್ಕು ಗಡ್ಡೆ, ಮೈತುಂಬ ಅದೇ ಕರಿ ಚುಕ್ಕೆ.

ಪಲ್ಯಕ್ಕಾದರೂ ಆದಾವು ಎಂದು ತೊಳೆಯಲು ಕೂತೆ. ನಮ್ಮ ಎರೆ ಮಣ್ಣು ನೀರು ಕಂಡರೆ ಬೆಣ್ಣೆ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದು ಕರಗಲಿಲ್ಲ. ನೆನೆಯಿಟ್ಟೆ, ತಿಕ್ಕಿದೆ, ಕೊನೆಗೆ ಉಗುರಿನಿಂದ ಕೆರೆದರೆ ಹಕ್ಕಳೆಯಂತೆ ಎದ್ದು ಬಂತು. ಅದು ಮಣ್ಣಲ್ಲ ಅವ್ವಾ. ಬೂಷ್ಟಿನ ಜಾತಿಯ ರೋಗ. ನಾವು ತವರಿನ ಮಣ್ಣೆಂದು ಕಣ್ಣಿಗೊತ್ತಿಕೊಂಡದ್ದು ಅದನ್ನೇ.

ನಮಗೆ ಯಾರೂ ಹೇಳಿರಲಿಲ್ಲ ಎನ್ನುವ ಹಾಗಿಲ್ಲ. ಬೆಳೆ ನೋಡಲು ಊರೂರು ತಿರುಗುತ್ತಿದ್ದ ಸರಕಾರಿ ನೌಕರ ಶರಫುದ್ದೀನ ಸಾಹೇಬರು ಆ ದೀಪಾವಳಿಯ ದಿನವೇ ನರೋಣೆಯ ನಮ್ಮ ಕಟ್ಟೆಯ ಮೇಲೆ ಕೂತು, ಗಡ್ಡೆ ತಿರುವಿ ನೋಡಿ, “ಬಾಯೀಸಾಬ, ಇದು ಮಣ್ಣಲ್ಲರಿ, ಬೀಮಾರಿ ಅದ. ಬಿತ್ತಬ್ಯಾಡ್ರಿ” ಎಂದರು. ಅಪ್ಪ ಊರು ಬಿಟ್ಟ ನಿನ್ನ ಸಂಕಟ ಆ ಬಡಪಾಯಿಯ ಮೇಲೆ ಹರಿಯಿತು. “ನಿಮ್ಮವ್ರು ಊರು ಕೆಡಿಸಿದ್ದು ಸಾಲ್ದೇನ್ರಿ, ಬೀಜಾನೂ ಕೆಡಸಾಕ ಬಂದೀರಿ?” ಎಂದೆ ನೀನು. ಅವರು ಎದ್ದು ಹೋದರು. ಅವರು ಕೂತಿದ್ದ ಕಟ್ಟೆಯನ್ನು ಕೂಡಲೇ ಸಗಣಿ ಹಾಕಿ ತೊಳೆಸಿದೆ. ಅಷ್ಟಾದರೂ ಚಳಿಗಾಲದಲ್ಲಿ ಇಲ್ಲಿಗೆ ಬಂದು ನಮ್ಮ ಮಡಿ ನೋಡಿದವರು ಅವರೇ. ಹೇಳಿದ್ದೆನಲ್ಲ ಎಂದು ಒಂದು ಮಾತು ಆಡಲಿಲ್ಲ. ಈಗ ಊರಿಗೆ ದಂಡು ಬಂದು ನವಾಬರ ರಾಜ್ಯ ತಿರುಗಿದೆ, ಹೆದರಿ ಓಡುವ ಸರದಿ ಅವರ ಜನರದಾಗಿದೆ. ಅವರು ಎಲ್ಲಿದ್ದಾರೆಂದು ಕೇಳಬೇಡ.

ಅವರು ಹೇಳಿದಂತೆ ಗಿಡ, ಬೇರು ಎಲ್ಲವನ್ನೂ ಸುಟ್ಟೆವು. ತಿಪ್ಪೆಗೆ ಹಾಕಿದರೆ ರೋಗ ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬರುತ್ತದಂತೆ. ಆ ಜಾಗಕ್ಕೆ ಈ ವರ್ಷ ಜೋಳ ಬಿತ್ತುತ್ತೇವೆ. ಕೆಲವು ವರ್ಷ ಅಲ್ಲಿ ಬಟಾಟಿಯೂ ಇಲ್ಲ, ಬದನೆಯೂ ಇಲ್ಲ. ನಿನ್ನ ಬುಟ್ಟಿಯನ್ನು ಒಮ್ಮೆ ನೀರಿಗೆ ಹಾಕಿ ನೋಡು. ಕರಿ ಬಿಟ್ಟರೆ ನನ್ನ ಮಾತು ಸುಳ್ಳು, ಮಗಳು ಹುಚ್ಚಿ ಎಂದು ತುಳಸಿಗೆ ಹೇಳು. ಬಿಡದಿದ್ದರೆ ಒಲೆಗೆ ಹಾಕು. ಅಪ್ಪನಿಗೆ ನಾನೇ ಹೇಳುತ್ತೇನೆ. ಅವರಿಗೆ ಬೇಕಾದದ್ದು ನೀನು, ಬಟಾಟಿಯ ಹೂವಲ್ಲ.

ತುಳಸಿಯ ಅತ್ತೆಮನೆಯವರು ನಮ್ಮವರಷ್ಟು ಸಹನೆಯವರಲ್ಲ, ಅದನ್ನೂ ನೆನಪಿಡು. ಅವಳ ಉಡಿಯಿಂದ ಅವರ ಹೊಲ ಕೆಟ್ಟರೆ ಆ ಮಾತು ಅವಳು ಸಾಯುವ ತನಕ ಮುಗಿಯುವುದಿಲ್ಲ.

ನಿನ್ನ ಮಗಳು,
ಮಥುರೆ

ತಾಜಾ ಕಲಮು: ಈ ಪತ್ರ ತಂದು ಈಗ ಕಟ್ಟೆಯ ಮೇಲೆ ಕೂತವರು ಉಟ್ಟ ಕೆಂಪಂಚಿನ ಧೋತರವನ್ನು ನೀನು ಆಗಲೇ ಗುರುತಿಸಿರುತ್ತೀ. ಹೋದ ದೀಪಾವಳಿಗೆ ನಿನ್ನ ಅಳಿಯನಿಗೆ ನೀನೇ ಕೊಟ್ಟದ್ದು. ಗಡ್ಡ ತೆಗೆಸಿ, ಹಣೆಗೆ ಗಂಧ ಹಚ್ಚಿದವಳು ನಾನು. ಶರಫುದ್ದೀನ ಸಾಹೇಬರು ಅವ್ವಾ, ದಂಡು ಬಂದಾಗಿನಿಂದ ನಮ್ಮ ದನದ ಕೊಟ್ಟಿಗೆಯಲ್ಲಿದ್ದರು. ಹೆಂಡತಿ ಮಕ್ಕಳು ಆಳಂದದಲ್ಲಿದ್ದಾರೆ. ಚಂದ್ರಾಮ ಆಳಂದದ ದಾರಿ ನೋಡಿಕೊಂಡು ಬರುವ ತನಕ ಒಳಗೆ ಇಟ್ಟುಕೋ. ಸೊಲ್ಲಾಪುರದಲ್ಲಿ ಯಾರೋ ಅಪ್ಪನ ಹೆಸರೂ ಕೇಳದೆ “ಒಳಗ ಬರ್ರಿ” ಅಂದರಂತೆ, ಅವರೇ ಬರೆದಿದ್ದರಲ್ಲ. ನೀನೂ ಅಷ್ಟೇ ಅನ್ನು. ತೊಳೆಯುವುದಿದ್ದರೆ ಬೀಜ ತೊಳೆ. ಈ ಸಲ ಕಟ್ಟೆ ತೊಳೆಯಬೇಡ.