ಗೋಡೆ ಬದಿಯ ಕಂಬಿ

ಜೂನ್ 3, ಮಂಗಳವಾರ

ಇದನ್ನು ಬರೆಯದೇ ಬಿಡುವುದರಲ್ಲಿದ್ದೆ. ಮೂರು ವರ್ಷದ ಹಿಂದೆ ಮೇಲಿನ ಮನೆಯ ಮೇಷ್ಟ್ರು ಮೆಟ್ಟಿಲಿಗೆ ಗೋಡೆ ಬದಿಯಲ್ಲೂ ಹಿಡಿದುಕೊಳ್ಳಲು ಒಂದು ಕಂಬಿ ಬೇಕೆಂದು ಕೇಳಿದ್ದರು. ಆಗುವುದಿಲ್ಲ ಎಂಬ ಪತ್ರ ಬರೆದವಳು ನಾನು. ಆಗ ಅಪಾರ್ಟ್‌ಮೆಂಟಿನ ಕಮಿಟಿಯಲ್ಲಿದ್ದೆ, ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂಬ ಹೆಸರು ಬೇರೆ.

ಇವತ್ತು ಅಮ್ಮನನ್ನು ಫಿಸಿಯೋಥೆರಪಿಗೆ ಕರೆದೊಯ್ಯುವ ದಿನ. ನಮ್ಮ ಲಿಫ್ಟ್ ಮನೆ ಬಾಗಿಲಿಗೆ ಬರುವುದಿಲ್ಲ, ಎರಡು ಮಹಡಿಗಳ ನಡುವೆ ನಿಲ್ಲುತ್ತದೆ — ಯಾವ ಪುಣ್ಯಾತ್ಮ ನಕ್ಷೆ ಬರೆದನೋ. ಅಲ್ಲಿಗೆ ಒಂಬತ್ತು ಮೆಟ್ಟಿಲು ಇಳಿಯಬೇಕು. ಇರುವ ಒಂದೇ ಕಂಬಿ ಇಳಿಯುವಾಗ ಎಡಕ್ಕೆ. ಸ್ಟ್ರೋಕ್ ಆದಮೇಲೆ ಅಮ್ಮನಿಗೆ ಬಲವಿರುವುದು ಬಲಗೈಯಲ್ಲಿ ಮಾತ್ರ. ಅದಕ್ಕೇ ಹಿಂದುಮುಂದಾಗಿ ತಿರುಗಿ, ಹಿಮ್ಮೆಟ್ಟುತ್ತಾ ಇಳಿಯುತ್ತಾಳೆ.

"ವಯಸ್ಸಾದ ಮೇಲೆ ಹಿಂದಕ್ಕೇ ಹೋಗೋದು ಕಣೇ," ಎಂದು ನಕ್ಕಳು. ನಾನು ಎರಡು ಮೆಟ್ಟಿಲು ಕೆಳಗೆ, ಕೈ ಚಾಚಿಕೊಂಡು. ನಗು ಬರಲಿಲ್ಲ.

ಜೂನ್ 8, ಭಾನುವಾರ

ಕಮಿಟಿ ಮೀಟಿಂಗ್. ಕಂಬಿ ಕೇಳಲು ಅಳತೆ ಮಾಡಿಕೊಂಡೇ ಹೋಗಿದ್ದೆ. ಮೆಟ್ಟಿಲಿನ ಅಗಲ ನಲವತ್ತೆರಡು ಇಂಚು. ಕಂಬಿ ತಿನ್ನುವುದು ಮೂರು. ಇವತ್ತು ಕಂಬಿ, ನಾಳೆ ಇಳಿಜಾರು, ನಾಡಿದ್ದು ಇನ್ನೇನೋ ಎಂದರು ಯಾರೋ. ಸೆಕ್ರೆಟರಿ ಫೈಲ್ ತೆಗೆದು ನನ್ನ ಹಳೆಯ ಪತ್ರ ಓದಿದರು. ದೊಡ್ಡ ಸಾಮಾನು ಸಾಗಿಸಲು ತೊಡಕಾಗುತ್ತದೆ, ಒಬ್ಬರಿಗಾಗಿ ಎಲ್ಲರ ಮೆಟ್ಟಿಲು ಕಿರಿದು ಮಾಡಲಾಗದು...

"ನೀವೇ ಬರೆದದ್ದು ಮೇಡಂ. ನಾವು ಹೊಸದಾಗಿ ಏನೂ ಹೇಳ್ತಿಲ್ಲ."

ಮಾಡಿದ್ದುಣ್ಣೋ ಮಾರಾಯ. ಆ ತೀರ್ಮಾನ ಬದಲಾಗಬೇಕಾದರೆ ಇಪ್ಪತ್ತನಾಲ್ಕು ಮನೆಗಳಲ್ಲಿ ಹದಿನಾರು ಸಹಿ ಬೇಕಂತೆ.

ಜೂನ್ 17, ಮಂಗಳವಾರ

ಹದಿನೈದು ಸಹಿ, ನನ್ನದೂ ಸೇರಿ. ಎಂಟು ಮನೆಯವರು ಒಪ್ಪಲಿಲ್ಲ. ಒಬ್ಬರು ವೀಲ್‌ಚೇರ್ ತರಿಸಿ ಎಂದರು. ಮೆಟ್ಟಿಲ ಮೇಲೆ ವೀಲ್‌ಚೇರ್! ಕೆಳಮನೆಯಾಕೆ ನಿಮ್ಮಮ್ಮ ಅಷ್ಟೊಂದು ಓಡಾಡಬೇಕಾ ಎಂದು ಕೇಳಿದಳು. ಅಷ್ಟೊಂದು ಎಂದರೆ ವಾರಕ್ಕೆ ಎರಡು ಸಲ.

ಬಾಗಿಲು ತಟ್ಟದ ಮನೆ ಒಂದೇ. ಮೇಷ್ಟ್ರದ್ದು.

ಜೂನ್ 18

ನಾಲ್ಕನೇ ಮೆಟ್ಟಿಲಲ್ಲಿ ಅಮ್ಮನ ಕಾಲು ಜಾರಿತು. ಹಿಡಿದೆ. ಏಟಾಗಲಿಲ್ಲ. ಆದರೆ ಅರ್ಧದಿಂದಲೇ ವಾಪಸ್ ಹತ್ತಿದಳು. ಫಿಸಿಯೋ ಸಾಕಂತೆ.

ಜೂನ್ 23, ಸೋಮವಾರ

ಐದು ದಿನವಾಯಿತು. ಸೋಫಾ ಬಿಟ್ಟು ಏಳುತ್ತಿಲ್ಲ. ಕಾಲು ಹೀಗೇ ಮೂಲೆಗೆ ಬಿದ್ದರೆ ಮತ್ತೆ ನಡಿಗೆ ಕಷ್ಟ ಎಂದು ಫಿಸಿಯೋ ಫೋನಿನಲ್ಲಿ ಬೈದರು. ನನಗೇ ಬೈದರು, ಸರಿಯಾಗಿಯೇ ಬೈದರು.

ಜೂನ್ 24, ಸಂಜೆ 5

ಹೋದೆ. ಸೊಸೆ ಬಾಗಿಲು ತೆರೆದಳು. ಮೇಷ್ಟ್ರು ಕಿಟಕಿ ಪಕ್ಕ ಕೂತಿದ್ದರು. ಕೆಳಗಿಳಿದು ಹದಿನಾಲ್ಕು ತಿಂಗಳಾಯಿತಂತೆ. ನನಗೆ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಕೊಂಡಿರಲಿಲ್ಲ ಎನ್ನುವುದು ಸರಿ.

ಕಾಗದ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಆವತ್ತಿನ ಪತ್ರದ ಇಂಗ್ಲಿಷ್ ಚೆನ್ನಾಗಿತ್ತಮ್ಮ. ಒಂದೂ ತಪ್ಪಿರಲಿಲ್ಲ."

ಪೆನ್ನು ತೆಗೆದು ಕಾಗದದ ಪಕ್ಕ ಇಟ್ಟೆ.

"ಸೋಫಾ ಸರಿಯಾಗಿ ಹಿಡೀತಾ? ಅದು ಮೇಲೆ ಬರೋವಾಗ ಮೆಟ್ಟಿಲ ಬಾಗಿಲು ಹಿಡ್ಕೊಂಡು ನಿಂತಿದ್ದೆ ನಾನು."

ಮೂರು ಜನ ಕೂರುವ ನಮ್ಮ ಸೋಫಾ. ಪತ್ರ ಕೆಳಗಿನ ನೋಟಿಸ್ ಬೋರ್ಡಿಗೆ ಬಿದ್ದ ವಾರವೇ ಬಂದಿತ್ತು. ಸಾಮಾನಿನ ನೆಪ ಕಮಿಟಿಯದಲ್ಲ, ನನ್ನದೇ. ಈ ಮಾತನ್ನು ಮೂರನೇ ತಾರೀಖು ಇಲ್ಲಿ ಕೂಡ ಬರೆದುಕೊಂಡಿರಲಿಲ್ಲ.

ಸಹಿ ಮಾಡುತ್ತಾರಂತೆ, ಅಮ್ಮನಿಗೋಸ್ಕರ. ಆದರೆ ನಿಜವಾದ ಕಾರಣ ನಾನು ಬರೆದು ಬೋರ್ಡಿಗೆ ಹಾಕಿದ ಮೇಲೆ.

"ಆ ಪತ್ರ ಎಂಟು ದಿನ ಬೋರ್ಡಲ್ಲಿತ್ತು, ಬಂದವರೆಲ್ಲ ಓದಿದ್ರು. ಇದನ್ನೂ ಓದ್ಲಿ."

ಜೂನ್ 26, ಗುರುವಾರ

ಮೊದಲ ಕರಡು ಇಂಗ್ಲಿಷಿನಲ್ಲಿ. ಓದಿ ನೋಡಿದರೆ ಅದರಲ್ಲಿ ಯಾರೂ ಏನೂ ಮಾಡಿರಲಿಲ್ಲ, ಎಲ್ಲವೂ ತಾನಾಗಿ ಆಗಿತ್ತು. ಹರಿದೆ. ಎರಡನೆಯದರಲ್ಲಿ ಸೋಫಾ ಬಿಟ್ಟುಹೋಗಿತ್ತು. ಬಿಟ್ಟುಹೋಗಿತ್ತೋ, ಬಿಟ್ಟಿದ್ದೆನೋ...

ಮೂರನೆಯದನ್ನು ಅಮ್ಮನಿಗೆ ಓದಿ ಹೇಳಿದೆ. ಕೂತಲ್ಲೇ ಸೋಫಾದ ಕೈ ಸವರಿದಳು. "ಹಾಗಾದ್ರೆ ಇದರ ಮೇಲೆ ಕೂತು ತಪ್ಪು ಮಾಡ್ತಿದೀನಾ?" ಎಂದಳು. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಪತ್ರ ನಾಲ್ಕೇ ಸಾಲು. ಸೋಫಾ ಎರಡನೆಯದರಲ್ಲಿದೆ.

ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ. ಅದಕ್ಕೇ ಸೋಮವಾರ ಹಾಕೋಣ ಎಂದು ಬರೆದಿದ್ದೆ. ಆ ಸಾಲು ಹೊಡೆದು ಹಾಕಿದೆ.

ಬೋರ್ಡಿಗೆ ಹಾಕುವುದು — ಭಾನುವಾರ, ಜೂನ್ 29